ಘಾಟಿ ಬಸ್ಸಲ್ಲಿ ವಾಂತಿ ಆಗುತ್ತಾ? ಒಂದು ಪಿತ್ತಕೋಶದ ಆಪರೇಷನ್ನಿನ ಪ್ರಕರಣ ಅಧ್ಯಯನ

"ಡಾಕ್ಟ್ರೇ, ನೋವಿಗೆ ನಾನು ಹೆದರೋಳಲ್ಲ, ಎರಡು ಹೆತ್ತಿದೀನಿ. ಆಪರೇಷನ್ ಆದ್ಮೇಲೆ ಬರುತ್ತಲ್ಲ ಆ ವಾಂತಿ, ಅದನ್ನ ನೆನೆಸ್ಕೊಂಡ್ರೆ ಈ ಕಲ್ಲು ಹೊಟ್ಟೇಲೇ ಇರ್ಲಿ ಅನ್ಸುತ್ತೆ."

ತೀರ್ಥಹಳ್ಳಿ ಕಡೆಯ ಒಬ್ಬ ಟೀಚರ್ ಹೇಳಿದ ಮಾತಿದು. ವಯಸ್ಸು 38, ತೂಕ 58 ಕೆಜಿ, ಪಿತ್ತಕೋಶದಲ್ಲಿ ಕಲ್ಲು, ಮೂರು ತಿಂಗಳಲ್ಲಿ ಎರಡು ಸಲ ನೋವು ಬಂದು ಒದ್ದಾಡಿದ್ರು, ಸರ್ಜನ್ನು ಲ್ಯಾಪರೋಸ್ಕೋಪಿಲಿ, ಅಂದ್ರೆ ಹೊಟ್ಟೇಲಿ ಸಣ್ಣ ತೂತು ಮಾಡಿ, ಪಿತ್ತಕೋಶ ತೆಗೆಯೋಣ ಅಂತ ತೀರ್ಮಾನ ಮಾಡಿ ನನ್ನ ಹತ್ರ ಚೆಕಪ್ಪಿಗೆ ಕಳಿಸಿದ್ರು. ನಾನು ಶಿವಮೊಗ್ಗದಲ್ಲಿ ಮೂರ್ನಾಲ್ಕು ಆಸ್ಪತ್ರೆಗೆ ಓಡಾಡ್ಕೊಂಡು ಅನಸ್ತೇಷಿಯಾ ಕೊಡೋವ್ನು. ಅವರ ಒಪ್ಪಿಗೆ ಕೇಳಿಯೇ ಬರೀತಿದೀನಿ, ಗುರುತು ಹತ್ತೋ ವಿವರಗಳನ್ನ ಬದಲಾಯಿಸಿದೀನಿ. ಎಲ್ಲ ಸರಿಯಾಗಿ ಮಾಡಿದೀನಿ ಅಂತ ಬೀಗಿದ್ದ ಕೇಸು ಇದು, ರಾತ್ರಿ ಹತ್ತು ಗಂಟೆಗೆ ಕೈ ಕೊಡ್ತು, ಅದಕ್ಕೇ ಬರೀಬೇಕು ಅನ್ಸಿದ್ದು.

2018ರಲ್ಲಿ ಬೇರೆ ಊರಲ್ಲಿ ಅವರಿಗೆ ಅಂಡಾಶಯದ ಗಡ್ಡೆಗೆ ಲ್ಯಾಪರೋಸ್ಕೋಪಿ ಆಗಿತ್ತು. ಎಚ್ಚರ ಆದ ತಕ್ಷಣ ಶುರುವಾಗಿದ್ದು ಮಾರನೇ ದಿನ ಮಧ್ಯಾಹ್ನದವರೆಗೂ ಹನ್ನೊಂದು ಸಲ ವಾಂತಿ, ಕೊನೆ ಕೊನೆಗೆ ಬರೀ ಹಳದಿ ಪಿತ್ತ, ಪ್ರತಿ ಸಲ ಓಕರಿಸಿದಾಗಲೂ ಹೊಟ್ಟೆ ಹೊಲಿಗೆ ಕಿತ್ತು ಬರುತ್ತೇನೋ ಅನ್ನೋ ನೋವು, ಒಂದು ದಿನಕ್ಕೆ ಮನೆಗೆ ಹೋಗಬೇಕಿದ್ದವರು ಮೂರು ದಿನ ಇದ್ದು ಡ್ರಿಪ್ ಹಾಕಿಸ್ಕೊಂಡು ಬಂದ್ರಂತೆ. ಆ ಡಿಸ್ಚಾರ್ಜ್ ಸಮ್ಮರಿನ ಜೋಪಾನವಾಗಿ ಪ್ಲಾಸ್ಟಿಕ್ ಕವರಲ್ಲಿಟ್ಟು ತಂದಿದ್ರು. ತೆಗೆದು ನೋಡಿದ್ರೆ ಆಪರೇಷನ್ ನಂತರದ ಅವಧಿ 'ಅನ್‌ಈವೆಂಟ್‌ಫುಲ್' ಅಂತ ಟೈಪ್ ಆಗಿದೆ. ಹನ್ನೊಂದು ವಾಂತಿ, ಏನೂ ವಿಶೇಷ ಇಲ್ಲ! ಯಾರನ್ನೋ ಬೈಯೋಕೆ ಹೇಳ್ತಿಲ್ಲ, ನಾನೂ ಎಷ್ಟು ಸಲ ಅದೇ ಪದದ ಕೆಳಗೆ ಸೈನ್ ಹಾಕಿದೀನೋ ಗೊತ್ತಿಲ್ಲ. ವಾಂತಿಯಿಂದ ಯಾರೂ ಸಾಯಲ್ಲ ಅನ್ನೋ ಧೋರಣೆ ನಮ್ಮಲ್ಲಿದೆ, ಆದ್ರೆ ಅನುಭವಿಸಿದವರನ್ನ ಕೇಳಿ ನೋಡಿ, ನೋವಿಗಿಂತ ಇದೇ ಕಷ್ಟ ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ.

ನಾನು ಎಲ್ಲರಿಗೂ ಕೇಳೋ ಪ್ರಶ್ನೆನ ಅವರಿಗೂ ಕೇಳ್ದೆ, "ಬಸ್ಸಲ್ಲಿ ವಾಂತಿ ಆಗುತ್ತಾ?" ಪಕ್ಕದಲ್ಲಿದ್ದ ಗಂಡ ನಕ್ಕುಬಿಟ್ರು. ಅವರ ತವರುಮನೆ ಹೆಬ್ರಿ, ಅಂದ್ರೆ ವರ್ಷಕ್ಕೆ ನಾಲ್ಕೈದು ಸಲ ಆಗುಂಬೆ ಘಾಟಿ ಇಳೀಲೇಬೇಕು, ಹದಿನಾಲ್ಕು ಹೇರ್‌ಪಿನ್ ತಿರುವು. "ಮೂರನೇ ತಿರುವಿಗೆ ಇವಳ ಕೈಯಲ್ಲಿ ಕವರ್ ರೆಡಿ ಇರುತ್ತೆ ಸಾರ್, ಒಂದು ಕೈಲಿ ಕವರು ಇನ್ನೊಂದು ಕೈಲಿ ನಿಂಬೆಹಣ್ಣು" ಅಂದ್ರು. ಮಾತ್ರೆ ತಗೊಳ್ಳಲ್ವಾ ಅಂದೆ. "ಅವೋಮಿನ್ ತಗೊಂಡ್ರೆ ಬರಲ್ಲ ಡಾಕ್ಟ್ರೇ, ಆದ್ರೆ ಹೆಬ್ರಿ ಮುಟ್ಟಿದ್ಮೇಲೂ ತೂಕಡಿಕೆ." ಅದನ್ನ ಹಾಗೇ ಬರ್ಕೊಂಡೆ, 'ಅವೋಮಿನ್: ಕೆಲಸ ಮಾಡುತ್ತೆ, ನಿದ್ದೆ ಬರುತ್ತೆ'. ಆಗ ಅದೊಂದು ಸುಮ್ನೆ ಬರ್ಕೊಂಡ ಸಾಲು, ರಾತ್ರಿ ಅದೇ ಉಪಯೋಗಕ್ಕೆ ಬಂತು.

ಬಸ್ಸಿನ ವಿಚಾರ ಯಾಕೆ ಅಂತ ಕೇಳಬಹುದು. 1999ರಲ್ಲಿ ಆಪ್ಫೆಲ್ ಅನ್ನೋ ಅನಸ್ತೇಷಿಯಾ ಡಾಕ್ಟ್ರು ಮತ್ತು ಜೊತೆಗಾರರು ಒಂದು ಸುಲಭದ ಸ್ಕೋರ್ ಕೊಟ್ರು, ಇವತ್ತಿಗೂ ಜಗತ್ತಿನ ತುಂಬಾ ಅದನ್ನೇ ಬಳಸ್ತಾರೆ. ನಾಲ್ಕೇ ಪ್ರಶ್ನೆ: ಹೆಣ್ಣಾ, ಸಿಗರೇಟು ಸೇದದವರಾ, ಮುಂಚೆ ಆಪರೇಷನ್ ಆದಾಗ ವಾಂತಿ ಆಗಿತ್ತಾ ಅಥವಾ ಪ್ರಯಾಣದಲ್ಲಿ ಆಗುತ್ತಾ, ಆಪರೇಷನ್ ಆದ್ಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾಗುತ್ತಾ. ಒಂದೂ ಇಲ್ಲದಿದ್ರೆ ವಾಂತಿ ಅಥವಾ ವಾಕರಿಕೆಯ ಸಾಧ್ಯತೆ ನೂರಕ್ಕೆ ಸುಮಾರು 10, ಒಂದಿದ್ರೆ 20, ಎರಡಕ್ಕೆ 40, ಮೂರಕ್ಕೆ 60, ನಾಲ್ಕೂ ಇದ್ರೆ 80. ಹೌದು, ಬೀಡಿ ಸಿಗರೇಟು ಸೇದೋರಿಗೆ ಇದೊಂದು ವಿಷಯದಲ್ಲಿ ಲಾಭ, ಇದನ್ನ ಒಬ್ಬ ಪೇಶಂಟಿಗೆ ಬಾಯ್ತಪ್ಪಿ ಹೇಳಿ ಆಮೇಲೆ ಅವರ ಹೆಂಡ್ತಿ ಕೈಲಿ ಬೈಸ್ಕೊಂಡಿದೀನಿ, ಅವರ ಶ್ವಾಸಕೋಶಕ್ಕೆ ಆಗೋ ಅನಾಹುತದ ಮುಂದೆ ಇದ್ಯಾವ ಲೆಕ್ಕ. ನಮ್ಮ ಟೀಚರಿಗೆ ಮೊದಲ ಮೂರು ಖಾತ್ರಿ. ನಾಲ್ಕನೇದು ಮಾತ್ರ ನಮ್ಮ ಕೈಲಿರೋದು. ಇದರ ಮೇಲೆ 50ಕ್ಕಿಂತ ಕಮ್ಮಿ ವಯಸ್ಸು, ಪಿತ್ತಕೋಶದ ಲ್ಯಾಪರೋಸ್ಕೋಪಿ, ಇವೆರಡೂ ಅಪಾಯ ಹೆಚ್ಚಿಸೋ ಪಟ್ಟೀಲೇ ಇವೆ.

ಅವರು ಇನ್ನೊಂದು ಕೇಳಿದ್ರು, ಒಳ್ಳೇ ಪ್ರಶ್ನೆ, "ಹೋದ ಸಲವೂ ವಾಂತಿ ಇಂಜೆಕ್ಷನ್ ಕೊಟ್ಟೇ ಕೊಟ್ಟಿದ್ರಲ್ಲ, ಯಾಕೆ ನಿಲ್ಲಲಿಲ್ಲ?" ನಾನು ಅವರಿಗೆ ಹೇಳಿದ್ದು ಹೀಗೆ. ಮೆದುಳಿನ ಬುಡದಲ್ಲಿ ವಾಂತಿ ಮಾಡಿಸೋ ಒಂದು ಜಾಗ ಇದೆ, ಅದಕ್ಕೆ ಬೇರೆ ಬೇರೆ ಕಡೆಯಿಂದ ದೂರು ಬರುತ್ತೆ. ಕರುಳಿಂದ ಬರೋ ದೂರು ಸೆರೊಟೊನಿನ್ ಮೂಲಕ. ರಕ್ತದಲ್ಲಿ ಸುತ್ತೋ ಔಷಧಿ ಗ್ಯಾಸ್ ಇವನ್ನೆಲ್ಲ ಮೂಸಿ ನೋಡೋಕೆ ಅಂತ ಮೆದುಳಿನ ರಕ್ಷಣಾ ಗೋಡೆಯ ಹೊರಗೇ ಕೂತಿರೋ ಇನ್ನೊಂದು ಜಾಗ ಇದೆ, ಅಲ್ಲಿ ಡೋಪಮಿನ್ ಕಾರುಬಾರು ಜಾಸ್ತಿ. ಒಳಕಿವಿಯಿಂದ, ಅಂದ್ರೆ ಘಾಟಿ ತಿರುವಲ್ಲಿ ಬರೋದು, ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ದಾರಿ. ಇದಲ್ಲದೆ ಹೆದರಿಕೆ, ವಾಸನೆ, ಹಳೇ ನೆನಪು ಬೇರೆ. ನಾವು ಸರ್ವೇಸಾಮಾನ್ಯ ಕೊಡೋ ಓಂಡಾನ್ಸೆಟ್ರಾನ್, ಎಮೆಸೆಟ್ ಅಂತ ಎಲ್ಲರೂ ಕರೆಯೋದು, ಮುಚ್ಚೋದು ಮೊದಲನೇ ಬಾಗಿಲನ್ನ ಮಾತ್ರ. ಅದಕ್ಕೇ ಘಾಟಿ ಹತ್ತೋ ಮುಂಚೆ ಎಮೆಸೆಟ್ ನುಂಗಿದ್ರೆ ಏನೂ ಉಪಯೋಗ ಆಗಲ್ಲ, ಅವೋಮಿನ್ ಆಗುತ್ತೆ. ಒಂದು ಬಾಗಿಲು ಮುಚ್ಚಿ ಇನ್ನು ಮೂರನ್ನ ತೆರೆದಿಟ್ರೆ ಕಳ್ಳ ಬರಲ್ವಾ ಅಂದೆ. ಟೀಚರ್ ಅಲ್ವಾ, ತಕ್ಷಣ ಹಿಡ್ಕೊಂಡ್ರು, "ಹಾಗಾದ್ರೆ ಈ ಸಲ ಎಷ್ಟು ಬಾಗಿಲು ಹಾಕ್ತೀರಿ?"

ಲೆಕ್ಕ ಹೇಳ್ತೀನಿ. 2004ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಹೈ ರಿಸ್ಕ್ ಪೇಶಂಟುಗಳನ್ನ ತಗೊಂಡು ಯಾವ ಉಪಾಯ ಎಷ್ಟು ಕೆಲಸ ಮಾಡುತ್ತೆ ಅಂತ ನೋಡಿದ್ರು. ಓಂಡಾನ್ಸೆಟ್ರಾನ್ 4 ಎಂಜಿ, ಡೆಕ್ಸಾಮೆಥಾಸೋನ್ 4 ಎಂಜಿ, ಡ್ರೋಪೆರಿಡಾಲ್ 1.25 ಎಂಜಿ, ಮೂರರಲ್ಲಿ ಯಾವುದನ್ನ ಕೊಟ್ರೂ ಅಪಾಯ ಸುಮಾರು 26 ಪರ್ಸೆಂಟ್ ಇಳಿಯುತ್ತೆ. ಗ್ಯಾಸ್ ಬದಲು ಪ್ರೊಪೊಫಾಲ್ ಡ್ರಿಪ್ಪಲ್ಲೇ ನಿದ್ದೆ ಮಾಡಿಸಿದ್ರೆ 19, ನೈಟ್ರಸ್ ಆಕ್ಸೈಡ್ ಬಿಟ್ರೆ 12, ಎರಡೂ ಸೇರಿದ್ರೆ ಒಂದು ಔಷಧಿ ಕೊಟ್ಟಷ್ಟೇ ಲಾಭ. ಮುಖ್ಯ ವಿಷಯ ಏನಂದ್ರೆ ಇವು ಒಂದಕ್ಕೊಂದು ಅಡ್ಡ ಬರಲ್ಲ, ಪ್ರತಿಯೊಂದೂ ಉಳಿದಿದ್ದರಲ್ಲಿ ಕಾಲು ಭಾಗ ಕಡಿಯುತ್ತೆ. ಅಂದ್ರೆ ಟೀಚರ್ 60ರಿಂದ ಶುರು ಮಾಡಿದ್ರೆ, ಒಂದು ಉಪಾಯಕ್ಕೆ 44, ಎರಡಕ್ಕೆ 33, ಮೂರಕ್ಕೆ 24. ಸೊನ್ನೆ ಆಗಲ್ಲ. ಇದನ್ನ ಅವರಿಗೆ ಮುಚ್ಚಿಡದೆ ಹೇಳ್ದೆ, ನಾಲ್ಕರಲ್ಲಿ ಒಂದು ಪಾಲು ಆಗಬಹುದು, ಆದ್ರೆ ಹನ್ನೊಂದು ಸಲ ಆಗೋಕೆ ಬಿಡಲ್ಲ ಅಂತ. 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಹೇಳೋದು ಅದನ್ನೇ, ಒಂದೆರಡು ರಿಸ್ಕ್ ಇದ್ರೆ ಎರಡು ಉಪಾಯ, ಎರಡಕ್ಕಿಂತ ಜಾಸ್ತಿ ಇದ್ರೆ ಮೂರ್ನಾಲ್ಕು.

ಆಪರೇಷನ್ ದಿನ ಬೆಳಿಗ್ಗೆ 10ಕ್ಕೆ ಪೋಸ್ಟ್ ಆಗಿತ್ತು, ಅಷ್ಟರಲ್ಲಿ ಒಂದು ಎಮರ್ಜೆನ್ಸಿ ಸಿಸೇರಿಯನ್ ಬಂತು, ನಮ್ದು 12ರ ಮೇಲೆ ಅಂತ ಗೊತ್ತಾಯ್ತು. ವಾರ್ಡಿಗೆ ಫೋನ್ ಮಾಡಿ ಎರಡು ಹೇಳ್ದೆ. ಒಂದು, ರಾತ್ರಿ ಹತ್ತರಿಂದ ಒಣಗಿಸಿ ಕೂರಿಸಿದೀರಲ್ಲ ಅವರನ್ನ, ಈಗ ನೀರೋ ಹಾಲಿಲ್ಲದ ಸಕ್ಕರೆ ಟೀನೋ ಒಂದು ಲೋಟ ಕೊಡಿ, ಎರಡು ಗಂಟೆ ಮುಂಚೆವರೆಗೂ ತಿಳಿ ನೀರು ಕುಡಿಯಬಹುದು ಅನ್ನೋದು ಇವತ್ತಿನ ಪಾಠ, ಮೈಯಲ್ಲಿ ನೀರು ಕಮ್ಮಿ ಆದ್ರೂ ಆಮೇಲೆ ವಾಕರಿಕೆ ಜಾಸ್ತಿ. (ಅವರು ಕಷಾಯ ಆಗುತ್ತಾ ಅಂತ ಕೇಳಿ ಕಳಿಸಿದ್ರು, ಮಲೆನಾಡಿನವರು ನೋಡಿ, ಹಾಲು ಹಾಕಿರ್ತಾರೆ ಅಂತ ಬೇಡ ಅಂದೆ.) ಎರಡು, ರ‍್ಯಾಂಟ್ಯಾಕ್ ಎಮೆಸೆಟ್ ಕೊಡಬೇಡಿ. ಇದು ನಮ್ಮ ಎಷ್ಟೋ ಕಡೆ ಸಂಧ್ಯಾವಂದನೆ ಇದ್ದ ಹಾಗೆ, ಬೆಳಿಗ್ಗೆ ಏಳಕ್ಕೆ ಆಪರೇಷನ್ ಇರೋರಿಗೆಲ್ಲ ಸಾಲಾಗಿ ಚುಚ್ಕೊಂಡು ಬರೋದು. ಓಂಡಾನ್ಸೆಟ್ರಾನ್ ರಕ್ತದಲ್ಲಿ ಮೂರ್ನಾಲ್ಕು ಗಂಟೇಲಿ ಅರ್ಧ ಆಗೋ ಔಷಧಿ, ಏಳಕ್ಕೆ ಕೊಟ್ಟಿದ್ದು ಒಂದು ಗಂಟೆಗೆ ಎಚ್ಚರ ಆಗೋರಿಗೆ ಎಷ್ಟು ಉಳಿದಿರುತ್ತೆ? ಅದನ್ನ ಆಪರೇಷನ್ ಮುಗಿಯೋ ಹೊತ್ತಿಗೆ ಕೊಡಬೇಕು. ಡೆಕ್ಸಾಮೆಥಾಸೋನ್ ಉಲ್ಟಾ, ನಿಧಾನಕ್ಕೆ ಕೆಲಸ ಶುರು ಮಾಡೋದು, ಆರಂಭದಲ್ಲೇ ಕೊಡಬೇಕು. ಔಷಧಿ ಎರಡೂ ಸರಿ ಇದ್ದು ಹೊತ್ತು ತಪ್ಪಿದ್ದಕ್ಕೇ ಫೇಲಾಗೋ ಕೇಸು ಕಮ್ಮಿ ಏನಿಲ್ಲ.

ಓಟಿಲಿ ಏನೇನಾಯ್ತು ಅಂತ ಸ್ವಲ್ಪ ವಿವರವಾಗೇ ಬರೀತೀನಿ, ಈ ಲೈನಲ್ಲಿ ಇರೋರಿಗೆ ಬೇಕಾಗಬಹುದು. ಫೆಂಟನಿಲ್ (ಇದೂ ಮಾರ್ಫಿನ್ ಜಾತಿಯದೇ) 100 ಮೈಕ್ರೋಗ್ರಾಂ ಒಂದೇ ಸಲ, ಆಮೇಲೆ ಮತ್ತೆ ಮುಟ್ಟಲಿಲ್ಲ. ಪ್ರೊಪೊಫಾಲಲ್ಲಿ ನಿದ್ದೆ ಹೋದ್ಮೇಲೆ ಡೆಕ್ಸಾ 8 ಎಂಜಿ. ನಿದ್ದೆ ಹೋದ್ಮೇಲೆ ಅಂತ ಒತ್ತಿ ಹೇಳೋಕೆ ಕಾರಣ ಇದೆ, ಎಚ್ಚರ ಇದ್ದಾಗ ಜೋರಾಗಿ ತಳ್ಳಿದ್ರೆ ಕೂರೋ ಜಾಗದಲ್ಲಿ ಖಾರ ಹಚ್ಚಿದ ಹಾಗೆ ಉರಿ ತುರಿಕೆ ಏಳುತ್ತೆ, ಪಾಪ ಪೇಶಂಟು ಬಾಯಿ ಬಿಟ್ಟು ಹೇಳೋಕೂ ಆಗದೆ ಟೇಬಲ್ ಮೇಲೆ ಎದ್ದು ಕೂತಿದ್ದನ್ನ ಸ್ಟೂಡೆಂಟ್ ಆಗಿದ್ದಾಗ ನೋಡಿದೀನಿ. ಡೆಕ್ಸಾ ಅಂದ್ರೆ ಸ್ಟೆರಾಯ್ಡು, ಇವರಿಗೆ ಶುಗರ್ ಇಲ್ಲ, ಇದ್ದಿದ್ರೆ ಅದನ್ನ ಕೊಟ್ಟು ಗ್ಲೂಕೋಸ್ ಮೇಲೆ ಕಣ್ಣಿಡಬೇಕಿತ್ತು.

ಗ್ಯಾಸ್ ಮುಟ್ಟಲಿಲ್ಲ, ಐಸೋಫ್ಲುರೇನೂ ಇಲ್ಲ ನೈಟ್ರಸ್ಸೂ ಇಲ್ಲ, ಆಕ್ಸಿಜನ್ನು ಗಾಳಿ ಅಷ್ಟೆ. ನಿದ್ದೆ ಪೂರ್ತಿ ಪ್ರೊಪೊಫಾಲ್ ಸಿರಿಂಜ್ ಪಂಪಲ್ಲಿ. ದೊಡ್ಡ ಆಸ್ಪತ್ರೆಗಳ ಹಾಗೆ ಲೆಕ್ಕ ತಾನೇ ಹಾಕೋ ಪಂಪ್ ನಮ್ಮಲ್ಲಿಲ್ಲ, ಹಳೇ 10-8-6 ಸೂತ್ರ: ಮೊದಲ ಹತ್ತು ನಿಮಿಷ ಕೆಜಿಗೆ ಗಂಟೆಗೆ 10 ಎಂಜಿ, ಆಮೇಲೆ ಹತ್ತು ನಿಮಿಷ 8, ಆಮೇಲೆ 6. ಇವರ 58 ಕೆಜಿಗೆ ಪಂಪಲ್ಲಿ ಗಂಟೆಗೆ 58 ಎಂಎಲ್, ಆಮೇಲೆ 46, ಆಮೇಲೆ 35. ಈ ಸೂತ್ರ ಮಾಡಿದ್ದು ನೈಟ್ರಸ್ ಜೊತೆಗೆ ಕೊಡೋಕೆ, ನೈಟ್ರಸ್ ಇಲ್ಲದಾಗ ಕೆಲವರಿಗೆ ಸಾಲಲ್ಲ, ಮಸಲ್ ರಿಲಾಕ್ಸೆಂಟ್ ಬೇರೆ ಕೊಟ್ಟಿರ್ತೀವಿ, ಒಳಗೆ ಎಚ್ಚರ ಆದ್ರೆ ಕೈ ಎತ್ತಿ ಹೇಳೋಕೂ ಆಗಲ್ಲ. ಅದಕ್ಕೇ ನಿದ್ದೆ ಎಷ್ಟು ಆಳ ಇದೆ ಅಂತ ನಂಬರಲ್ಲಿ ತೋರಿಸೋ ಬಿಸ್ ಮಾನಿಟರ್ ಹಚ್ಚಿದೆ, ಅದರ ಹಣೆ ಸ್ಟಿಕ್ಕರ್ ದುಬಾರಿ ಅಂತ ಮ್ಯಾನೇಜ್‌ಮೆಂಟಿನವರು ಬೀರುಲಿ ಬೀಗ ಹಾಕಿಡ್ತಾರೆ, ಕೇಳಿ ತರಿಸ್ಕೊಂಡೆ. ನಂಬರ್ 40ರಿಂದ 60ರ ಒಳಗೆ ಇರೋ ಹಾಗೆ ಪಂಪ್ ಏರಿಸ್ತಾ ಇಳಿಸ್ತಾ ಇದ್ದೆ, ಡ್ರಿಪ್ ಚುಚ್ಚಿದ ಕೈನ ಬಟ್ಟೆ ಕೆಳಗೆ ಮುಚ್ಚದೆ ಕಣ್ಣೆದುರಿಗೇ ಇಟ್ಕೊಂಡಿದ್ದೆ. ಲೈನ್ ಊದಿಕೊಂಡ್ರೆ ನಿದ್ದೆ ಔಷಧಿ ಚರ್ಮದ ಕೆಳಗೆ ಹೋಗ್ತಿರುತ್ತೆ, ನಮಗೆ ಗೊತ್ತೇ ಆಗಿರಲ್ಲ.

ನೋವಿಗೆ ಪ್ಯಾರಾಸಿಟಮಾಲ್ 1 ಗ್ರಾಂ 12:45ಕ್ಕೆ, ಡೈಕ್ಲೋಫೆನಾಕ್ 75 ಎಂಜಿ, ಸರ್ಜನ್ನು ನಾಲ್ಕು ತೂತಿನ ಜಾಗಕ್ಕೂ ಮರಗಟ್ಟಿಸೋ ಔಷಧಿ ಬ್ಯುಪಿವಕೇನ್ ಒಟ್ಟು 20 ಎಂಎಲ್ ಹಾಕಿದ್ರು. ಹೀಗೆ ಮಾರ್ಫಿನ್ ಜಾತಿ ಇಲ್ಲದೆ ನೋವನ್ನ ಹಿಡಿದಿಟ್ರೆ ಸ್ಕೋರಿನ ನಾಲ್ಕನೇ ಅಂಕ ಬೀಳಲ್ಲ ಅನ್ನೋದು ಲೆಕ್ಕಾಚಾರ. 1:10ಕ್ಕೆ ಓಂಡಾನ್ಸೆಟ್ರಾನ್ 4 ಎಂಜಿ. 1:20ಕ್ಕೆ ಹೊಲಿಗೆ ಮುಗೀತು. ಟ್ಯೂಬ್ ತೆಗೆದ ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟು, ಮೊದಲನೇ ಮಾತು, "ವಾಂತಿ ಬರ್ತಿಲ್ಲ." ಆಮೇಲೆ ತಾನೇ ನಂಬಿಕೆ ಇಲ್ಲದವರ ಹಾಗೆ ಇನ್ನೊಂದು ಸಲ, "ಬರ್ತಿಲ್ಲ ಅಲ್ವಾ?"

ರಿಕವರಿಲಿ ಅವರ ಗಂಡನಿಗೆ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುವಿನ ಹಗ್ಗ ಸಿಗುತ್ತಲ್ಲ ಅದರ ಮಧ್ಯ ಒತ್ತೋದು ಹೇಳಿಕೊಟ್ಟೆ. ಪಿ6 ಅಂತಾರೆ ಆ ಜಾಗಕ್ಕೆ. ಚೀನಾದವರ ಹಳೇ ವಿದ್ಯೆ, ಮೊದಲು ನಾನೂ ನಗ್ತಿದ್ದೆ, ಆದ್ರೆ ಬಹಳ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ ಪ್ರಯೋಜನ ಕಂಡಿದೆ, 2020ರ ಮಾರ್ಗಸೂಚೀಲೂ ಸೇರಿದೆ, ಖರ್ಚಿಲ್ಲ, ಗಂಡನಿಗೂ ಒಂದು ಕೆಲಸ ಸಿಕ್ಕಿತು. ನಾಲ್ಕು ಗಂಟೆಗೆ ಗುಟುಕು ನೀರು, ಆರಕ್ಕೆ ತಾವೇ ನಡ್ಕೊಂಡು ಬಾತ್‌ರೂಮಿಗೆ ಹೋದ್ರು, ಏಳಕ್ಕೆ ಗಂಜಿ ತಿಳಿ. ನಾನು ಏಳೂವರೆಗೆ ಹೋಗಿ ನೋಡ್ಕೊಂಡು, ನಗ್ತಾ ಮಾತಾಡಿ, ಮನೆಗೆ ಬಂದು ಹೆಂಡ್ತಿ ಹತ್ರ ಕೊಚ್ಚಿಕೊಂಡಿದ್ದೂ ಆಯ್ತು.

10:10ಕ್ಕೆ ಫೋನು. ನೈಟ್ ಸಿಸ್ಟರ್. "ಸಾರ್, ಆ ಟೀಚರಮ್ಮ ವಾಂತಿ ಮಾಡ್ಕೊಂಡ್ರು, ಎಮೆಸೆಟ್ ಕೊಡ್ಲಾ?"

"ಏನಾದ್ರೂ ಕೊಟ್ರಾ ಮುಂಚೆ?"

"ಭುಜ ನೋವು ಅಂದ್ರು ಸಾರ್, ಶೀಟಲ್ಲಿ ಇದ್ದಿದ್ದೇ ಕೊಟ್ಟೆ, ಟ್ರಮಡಾಲ್ 50."

ಟ್ರಮಡಾಲ್ ಅಂದ್ರೆ ನಾನು ತಪ್ಪಿಸೋಕೆ ನೋಡಿದ ಅದೇ ಮಾರ್ಫಿನ್ ಜಾತಿಯ ನೋವಿನ ಔಷಧಿ. ನಾನು ಆ ಕ್ಷಣ ಅವಳಿಗೆ ಏನಾದ್ರೂ ಅಂದುಬಿಟ್ಟಿದ್ರೆ ತಪ್ಪಾಗ್ತಿತ್ತು, ಪುಣ್ಯಕ್ಕೆ ಅನ್ನಲಿಲ್ಲ. ಮಳೆ ಹೊಡೀತಿತ್ತು, ರೇನ್‌ಕೋಟ್ ಹಾಕ್ಕೊಂಡು ಸ್ಕೂಟರಲ್ಲಿ ಹೋದೆ. ಹೋಗ್ತಾ ದಾರೀಲಿ ತಲೇಲಿ ಇದ್ದಿದ್ದು ಔಷಧಿ ಅಲ್ಲ, ಬೇರೆ ಏನಾದ್ರೂ ಇರಬಹುದಾ ಅನ್ನೋದು, ಯಾಕಂದ್ರೆ ಆಪರೇಷನ್ ಆದ ರಾತ್ರಿ ವಾಂತಿ ಅಂದ್ರೆ ಒಳಗೆ ರಕ್ತ ಸೋರ್ತಿರಬಹುದು, ಬಿಪಿ ಬಿದ್ದಿರಬಹುದು, ಪಿತ್ತ ಸೋರಿರಬಹುದು, ಮೂತ್ರ ಕಟ್ಟಿರಬಹುದು. ಇವನ್ನ ನೋಡದೆ ಫೋನಲ್ಲೇ ಇಂಜೆಕ್ಷನ್ ಹೇಳೋದು ನನಗೆ ಆಗಿಬರಲ್ಲ. ಹೋಗಿ ನೋಡಿದ್ರೆ ಬಿಪಿ 118/76, ಪಲ್ಸ್ 88, ಆಕ್ಸಿಜನ್ 98, ಹೊಟ್ಟೆ ಮೆತ್ತಗಿದೆ, ಡ್ರೆಸಿಂಗ್ ಒಣಗಿದೆ, ಮೂತ್ರ ಹೋಗಿದೆ. ಅವರ ಅತ್ತೆ ಮೂಗಿನ ಹತ್ರ ನಿಂಬೆಹಣ್ಣು ಹಿಡ್ಕೊಂಡು ಕೂತಿದ್ರು. ಟೀಚರ್ ಕಣ್ಣು ಮುಚ್ಚಿಕೊಂಡು, "ಹಾಸಿಗೆ ಘಾಟಿ ಇಳೀತಿದೆ ಡಾಕ್ಟ್ರೇ, ತಲೆ ಅಲ್ಲಾಡಿಸಿದ್ರೆ ಬರುತ್ತೆ" ಅಂದ್ರು.

ಆಮೇಲೆ ಒಂದೊಂದೇ ಬಿಚ್ಚಿಕೊಂಡು ಬಂತು. ಪ್ಯಾರಾಸಿಟಮಾಲ್ ಎರಡನೇ ಬಾಟಲ್ ಎಂಟು ಗಂಟೆಗೆ ಹೋಗಬೇಕಿತ್ತು. ಬಾಟಲ್ ಕೆಳಗಿನ ಮೆಡಿಕಲ್ಲಿಂದ ತರಬೇಕು, ಚೀಟಿ ಕೊಟ್ಟಿದ್ದು ಗಂಡನ ಕೈಲಿ, ಗಂಡ ಊಟಕ್ಕೆ ಹೋಗಿದ್ರು, ಬರೋಷ್ಟರಲ್ಲಿ ಡ್ಯೂಟಿ ಬದಲಾಗಿತ್ತು. ಎಂಟಕ್ಕೆ ಬರಬೇಕಾದ ಔಷಧಿ ಬರಲಿಲ್ಲ, ಒಂಬತ್ತೂಕಾಲಿಗೆ ಬಲ ಭುಜ ಹಿಡ್ಕೊಂಡು ನೋವು ಅಂದ್ರು. ಲ್ಯಾಪರೋಸ್ಕೋಪಿಲಿ ಹೊಟ್ಟೆ ಉಬ್ಬಿಸೋಕೆ ತುಂಬೋ ಕಾರ್ಬನ್ ಡೈಆಕ್ಸೈಡು ವಪೆಯನ್ನ, ಅಂದ್ರೆ ಎದೆಗೂ ಹೊಟ್ಟೆಗೂ ಮಧ್ಯ ಇರೋ ಉಸಿರಾಟದ ಸ್ನಾಯುನ, ಕೆರಳಿಸುತ್ತೆ, ವಪೆಯ ನರಕ್ಕೂ ಭುಜಕ್ಕೂ ಕುತ್ತಿಗೇಲಿ ಒಂದೇ ಮೂಲ, ಹಾಗಾಗಿ ನೋವು ಭುಜದಲ್ಲಿ ಕಾಣುತ್ತೆ, ಬಹಳ ಜನಕ್ಕೆ ಬರೋದೇ, ಹೆದರೋ ವಿಷಯ ಅಲ್ಲ. ಸಿಸ್ಟರ್ ಆರ್ಡರ್ ಶೀಟ್ ನೋಡಿದ್ಲು. ಅದು ಪ್ರಿಂಟೆಡ್ ಶೀಟು, ಎಲ್ಲ ಸರ್ಜರಿಗೂ ಒಂದೇ, ಅದರಲ್ಲಿ ಐದನೇ ಸಾಲು, ನೋವಿದ್ದರೆ ಟ್ರಮಡಾಲ್ 50 ಎಂಜಿ ಐವಿ. ಒಂಬತ್ತೂವರೆಗೆ ಕೊಟ್ಟಳು, ವಾರ್ಡ್ ತುಂಬಿತ್ತು, ಒಂದೇ ನೂಕಿಗೆ ತಳ್ಳಿದಾಳೆ. ನಿಧಾನಕ್ಕೆ ಕೊಟ್ರೇ ಹೊಟ್ಟೆ ತೊಳಸೋ ಔಷಧಿ ಅದು, ಜೋರಾಗಿ ಕೊಟ್ರೆ ಕೇಳಬೇಕಾ. ಹತ್ತು ಗಂಟೆಗೆ ಬಾತ್‌ರೂಮಿಗೆ ಅಂತ ಎದ್ದು ನಿಂತಿದ್ದೇ ತಲೆ ಸುತ್ತಿ ವಾಂತಿ.

ಹಾಗಾದ್ರೆ ನಾನು ಟ್ರಮಡಾಲ್ ಬೇಡ ಅಂತ ಬರೆದಿರಲಿಲ್ವಾ? ಬರೆದಿದ್ದೆ. ಕೆಂಪು ಇಂಕಲ್ಲಿ, ಎರಡು ಗೆರೆ ಎಳೆದು, ನನ್ನ ಅನಸ್ತೇಷಿಯಾ ಚಾರ್ಟಲ್ಲಿ. ಆ ಚಾರ್ಟು ಫೈಲಿನ ಕೊನೇಲಿ, ಎಕ್ಸ್‌ರೇ ರಿಪೋರ್ಟಿನ ಹಿಂದೆ ಪಿನ್ನಾಗಿ ಕೂತಿತ್ತು. ರಾತ್ರಿ ಹದಿನೆಂಟು ಪೇಶಂಟ್ ನೋಡ್ಕೊಳ್ಳೋ ಹುಡುಗಿ ಓದೋದು ಮೇಲಿರೋ ಆರ್ಡರ್ ಶೀಟು, ನನ್ನ ಚಾರ್ಟ್ ಅಲ್ಲ. ಆ ಐದನೇ ಸಾಲನ್ನ ಹೊಡೆದು ಹಾಕೋಕೆ ಒಂದು ಸೆಕೆಂಡ್ ಸಾಕಿತ್ತು, ಹಾಕಲಿಲ್ಲ. ತಪ್ಪು ನಂದೇ.

ಈಗ ಏನು ಕೊಡೋದು. ಕೊಟ್ಟ ಗುಂಪಿನ ಔಷಧೀನೇ 6 ಗಂಟೆ ಒಳಗೆ ಮತ್ತೆ ಕೊಟ್ರೆ ಲಾಭ ಇಲ್ಲ, ಬೇರೆ ಗುಂಪಿನದು ಕೊಡಬೇಕು ಅನ್ನೋದು ನಿಯಮ. ಇಲ್ಲಿ 9 ಗಂಟೆ ದಾಟಿತ್ತು, ಸಿಸ್ಟರ್ ಕೇಳಿದ ಹಾಗೆ ಎಮೆಸೆಟ್ ಕೊಟ್ಟಿದ್ರೂ ತಪ್ಪಲ್ಲ. ಆದ್ರೆ ನನ್ನ ಮುಂದೆ ಇದ್ದಿದ್ದು ತಲೆ ಅಲ್ಲಾಡಿಸಿದ್ರೆ ಬರೋ ವಾಂತಿ, ಟ್ರಮಡಾಲಂಥ ಔಷಧಿಗಳು ಒಳಕಿವಿಯ ದಾರಿನೂ ಕೆರಳಿಸ್ತವೆ, ಮೇಲಾಗಿ ಇವರದ್ದು ಘಾಟಿ ದೇಹ. ಇನ್ನೊಂದು, ಓಂಡಾನ್ಸೆಟ್ರಾನ್ ಟ್ರಮಡಾಲಿನ ನೋವು ತಗ್ಗಿಸೋ ಶಕ್ತಿನ ಸ್ವಲ್ಪ ತಿನ್ನುತ್ತೆ ಅಂತ ಅಧ್ಯಯನಗಳಲ್ಲಿ ಕಂಡಿದೆ, ಇವೆರಡನ್ನ ನಾವು ದಿನಾ ಜೋಡಿ ಹಾಕಿ ಕೊಡ್ತೀವಿ ಅನ್ನೋದೊಂದು ತಮಾಷೆ. ಮೆಟೊಕ್ಲೋಪ್ರಮೈಡ್, ಅದೇ ಪೆರಿನಾರ್ಮ್ 10 ಎಂಜಿ, ಎಲ್ಲ ವಾರ್ಡಲ್ಲೂ ಸಿಗುತ್ತೆ, ಆ ಡೋಸಲ್ಲಿ ಈ ವಾಂತಿಗೆ ಹೇಳಿಕೊಳ್ಳೋ ಹಾಗೆ ಕೆಲಸ ಮಾಡಲ್ಲ, ಅಭ್ಯಾಸ ಬಲಕ್ಕೆ ಉಳಕೊಂಡಿದೆ ಅಷ್ಟೆ.

ಆಗ ನೆನಪಾಗಿದ್ದು ಅವೋಮಿನ್. ಅದು ಪ್ರೊಮೆಥಜಿನ್. ಅದೇ ಔಷಧಿಯ ಇಂಜೆಕ್ಷನ್ ರೂಪ ಫೆನರ್ಗನ್, ನಮ್ಮ ಎಮರ್ಜೆನ್ಸಿ ಟ್ರೇಲಿ ಅಲರ್ಜಿಗೆ ಅಂತ ಇಟ್ಟಿರ್ತಾರೆ. ಇವರ ಮೈಗೆ ಒಗ್ಗುತ್ತೆ ಅಂತ ಇವರೇ ಹೇಳಿದಾರೆ. ಡೋಸ್ ಸಣ್ಣದು, 6.25 ಎಂಜಿ, ಎಂಎಲ್ಲಿಗೆ 25 ಎಂಜಿ ಇರೋ ಆಂಪ್ಯೂಲಿಂದ ಕಾಲು ಎಂಎಲ್ ಎಳ್ಕೊಂಡು 100 ಎಂಎಲ್ ಸಲೈನಿಗೆ ಹಾಕಿ ಹದಿನೈದು ನಿಮಿಷ ಹರಿಸಿದೆ, ಅದಕ್ಕೂ ಮುಂಚೆ ಬರೀ ಸಲೈನ್ ಬಿಟ್ಟು ಲೈನ್ ಸರಿಯಾಗಿದೆಯಾ ಅಂತ ಖಾತ್ರಿ ಮಾಡ್ಕೊಂಡೆ. ಇದನ್ನ ಹಗುರ ತಗೋಬೇಡಿ, ಪ್ರೊಮೆಥಜಿನ್ ರಕ್ತನಾಳದ ಹೊರಗೆ ಸೋರಿದ್ರೆ ಅಥವಾ ತಪ್ಪಿ ಅಪಧಮನಿಗೆ ಹೋದ್ರೆ ಬೆರಳು ಕೈ ಕೊಳೆತು ಕತ್ತರಿಸಬೇಕಾದ ಪ್ರಸಂಗಗಳಿವೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿದೆ. ಟ್ರಮಡಾಲ್ ಜೊತೆ ಸೇರಿದ್ರೆ ಮಂಪರು ಜಾಸ್ತಿ, ಫಿಟ್ಸ್ ಇರೋರಿಗೆ ಇನ್ನೂ ಯೋಚಿಸಬೇಕು, ಅದಕ್ಕೇ ಬೆರಳಿಗೆ ಆಕ್ಸಿಜನ್ ಪ್ರೋಬ್ ಹಾಕಿಸಿ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ.

ಡ್ರಿಪ್ ಹೋಗೋವರೆಗೂ ಸಿಸ್ಟರ್ ಕೈಲಿ ಒಂದು ಸ್ಪಿರಿಟ್ ಹತ್ತಿ ತರಿಸಿ ಮೂಗಿನ ಹತ್ರ ಹಿಡಿದು ನಿಧಾನಕ್ಕೆ ಮೂಸೋಕೆ ಹೇಳ್ದೆ. ಇಂಜೆಕ್ಷನ್ ಚುಚ್ಚೋಕೆ ಮುಂಚೆ ಒರೆಸ್ತಾರಲ್ಲ ಅದೇ ಐಸೋಪ್ರೊಪೈಲ್ ಆಲ್ಕೋಹಾಲು, ವಾಕರಿಕೆಗೆ ಸ್ವಲ್ಪ ಹೊತ್ತು ನಿಜವಾಗ್ಲೂ ತಡೆ ಕೊಡುತ್ತೆ. ಅವರ ಅತ್ತೆಗೆ ಸ್ವಲ್ಪ ಬೇಜಾರಾಯ್ತು ಕಾಣುತ್ತೆ, "ನಿಂಬೆಹಣ್ಣಿಗಿಂತ ಈ ಗಬ್ಬು ವಾಸನೆ ಮೇಲಾ?" ಅಂದ್ರು. ಎರಡೂ ಇರ್ಲಿ ಅಮ್ಮ ಅಂದೆ. ಬಾಕಿ ಇದ್ದ ಪ್ಯಾರಾಸಿಟಮಾಲನ್ನ ಅಷ್ಟರಲ್ಲಿ ಹಾಕಿಸಿದ್ದೆ. 10:50ರ ಹೊತ್ತಿಗೆ ಮುಖದ ಗಂಟು ಬಿಡಿಸ್ತು, ಹನ್ನೊಂದಕ್ಕೆ ನಿದ್ದೆ, ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ ಕೇಳಿದ್ರಂತೆ. ಒಟ್ಟು ಒಂದು ವಾಂತಿ. ಎಂಟೂವರೆಗೆ ನಾನು ಹೋದಾಗ ಎರಡು ಇಡ್ಲಿ ತಿಂದು ಮೂರನೇದನ್ನ ನೋಡ್ತಾ ಕೂತಿದ್ರು.

ಈಗ ಹಿಂತಿರುಗಿ ನೋಡಿದ್ರೆ ಇನ್ನೊಂದು ಬೇರೆ ಥರ ಮಾಡಬಹುದಿತ್ತು ಅನ್ಸುತ್ತೆ. ಓಂಡಾನ್ಸೆಟ್ರಾನ್ ಬದಲು ಪ್ಯಾಲೊನೊಸೆಟ್ರಾನ್ 0.075 ಎಂಜಿ ಕೊಡಬಹುದಿತ್ತು, ಅದೇ ಗುಂಪು, ಆದ್ರೆ ರಕ್ತದಲ್ಲಿ ಅರ್ಧ ಆಗೋಕೆ ಸುಮಾರು 40 ಗಂಟೆ ಬೇಕು, ರಾತ್ರಿ ಪೂರ್ತಿ ಕಾಯ್ತಿತ್ತು. ಆ ದಿನ ಸ್ಟಾಕ್ ಇರಲಿಲ್ಲ, ನಾನೂ ಹಟ ಮಾಡಿ ತರಿಸಲಿಲ್ಲ. ಆದ್ರೆ ಅದಿದ್ದಿದ್ರೂ ಟ್ರಮಡಾಲ್ ಒಂದೇ ನೂಕಿಗೆ ಹೋದ್ಮೇಲೆ ಎಷ್ಟು ತಡೀತಿತ್ತೋ. ನನ್ನ ಪ್ರಕಾರ ಈ ಕೇಸಿನ ಗಂಟು ಇರೋದು ಔಷಧೀಲಿ ಅಲ್ಲ, ಎಂಟು ಗಂಟೆಗೆ ಬರದೇ ಹೋದ ಆ ಬಾಟಲಲ್ಲಿ ಮತ್ತು ಐದನೇ ಸಾಲಲ್ಲಿ. ಓಟಿ ಒಳಗೆ ಬಿಸ್ ನಂಬರ್ ನೋಡ್ಕೊಂಡು ಎಂಎಲ್ ಲೆಕ್ಕ ಹಾಕಿದ ನಾನು ಓಟಿ ಬಾಗಿಲು ದಾಟಿದ ಮೇಲೆ ಏನಾಗುತ್ತೆ ಅಂತ ಯೋಚಿಸಿದ್ದು ಕಮ್ಮಿ.

ಸರ್ಜನ್ ಹತ್ರ ಮಾತಾಡಿದೆ, ಅವರು ಒಳ್ಳೆಯವರು, ತಕ್ಷಣ ಒಪ್ಪಿದ್ರು. ಹೊಸ ಶೀಟಲ್ಲಿ ಪ್ಯಾರಾಸಿಟಮಾಲಿಗೆ ಟೈಮ್ ಹಾಕೋ ಖಾನೆ ಇರ್ಲಿ, ಟ್ರಮಡಾಲ್ ಸಾಲು ಬೇಡ, ಅದರ ಬದಲು 'ನೋವು ತಗ್ಗದಿದ್ದರೆ ಅನಸ್ತೇಷಿಯಾ ಡಾಕ್ಟರಿಗೆ ಫೋನ್' ಅಂತ ಇರ್ಲಿ ಅಂತ ಆಯ್ತು. ಮ್ಯಾನೇಜರ್ ಮಾತ್ರ, ಹಳೇ ಶೀಟು ಇನ್ನೂ ಎರಡು ಪ್ಯಾಡ್ ಇದೆ ಸಾರ್, ಮುಗೀಲಿ ಅಂದ್ರು. ಮಧ್ಯಾಹ್ನ ಊಟದ ಹೊತ್ತಲ್ಲಿ ಕೂತು ಎರಡೂ ಪ್ಯಾಡಿನ ಒಂದೊಂದು ಹಾಳೇಲೂ ಐದನೇ ಸಾಲನ್ನ ಕೆಂಪು ಪೆನ್ನಲ್ಲಿ ಹೊಡೆದೆ, ನೈಟ್ ಸಿಸ್ಟರೂ ಬಂದು ಒಂದು ಪ್ಯಾಡ್ ತಗೊಂಡು ಕೂತ್ಲು.

ಡಿಸ್ಚಾರ್ಜ್ ಸಮ್ಮರಿಲಿ ಈ ಸಲ 'ಅನ್‌ಈವೆಂಟ್‌ಫುಲ್' ಹಾಕೋಕೆ ಬಿಡಲಿಲ್ಲ. ವಾಂತಿ ರಿಸ್ಕ್ ಜಾಸ್ತಿ, ಗ್ಯಾಸ್ ಇಲ್ಲದೆ ಪ್ರೊಪೊಫಾಲಲ್ಲಿ ಕೊಟ್ಟಿದ್ದು, ಡೆಕ್ಸಾ ಮತ್ತು ಓಂಡಾನ್ಸೆಟ್ರಾನ್ ಕೊಟ್ಟೂ ಟ್ರಮಡಾಲ್ ನಂತರ ಒಂದು ವಾಂತಿ, ಪ್ರೊಮೆಥಜಿನ್ನಿಗೆ ನಿಂತಿತು, ಮುಂದೆ ಟ್ರಮಡಾಲ್ ಬೇಡ ಅಂತ ನಾಲ್ಕು ಸಾಲು ಟೈಪ್ ಮಾಡಿಸಿದೆ. ಟೀಚರ್ ಅದನ್ನ ಪೂರ್ತಿ ಓದಿ, ಒಂದು ಕಡೆ ಸ್ಪೆಲ್ಲಿಂಗ್ ತಪ್ಪು ಹಿಡಿದು, ಆಮೇಲೆ ಕೇಳಿದ್ರು, "ಮಗಳಿಗೆ ಎಂಟು ವರ್ಷ, ಮುಂದಿನ ರಜೇಲಿ ಟಾನ್ಸಿಲ್ ತೆಗೆಸಬೇಕು ಅಂದಿದಾರೆ. ಅವಳಿಗೆ ಇದುವರೆಗೂ ಆಪರೇಷನ್ ಏನೂ ಆಗಿಲ್ಲ, ಇದನ್ನ ಅಲ್ಲೂ ಹೇಳಬೇಕಾ?"

ಖಂಡಿತ ಹೇಳಬೇಕು ಅಂದೆ. ಮಕ್ಕಳ ಸ್ಕೋರೇ ಬೇರೆ, 2004ರಲ್ಲಿ ಬಂದಿದ್ದು, ಅದರಲ್ಲಿ ಮೂರು ವರ್ಷ ದಾಟಿದ್ರೆ ಒಂದು ಅಂಕ, ಆಪರೇಷನ್ ಅರ್ಧ ಗಂಟೆ ಮುಟ್ಟಿದ್ರೆ ಒಂದು, ಮೆಳ್ಳೆಗಣ್ಣಿನ ಆಪರೇಷನ್ ಆದ್ರೆ ಒಂದು, ಮಗುಗೋ ಅಪ್ಪ ಅಮ್ಮನಿಗೋ ಒಡಹುಟ್ಟಿದವರಿಗೋ ಹೀಗೆ ಆಗಿದ್ರೆ ಒಂದು. ಅಮ್ಮನ ಸಮ್ಮರಿ ಮಗಳ ಫೈಲಿಗೆ ಬೇಕೇ ಬೇಕು, ಒಂದು ಜೆರಾಕ್ಸ್ ಮಾಡಿಸಿಟ್ಕೊಳ್ಳಿ ಅಂದೆ. ಗಂಡ ಜೆರಾಕ್ಸಿಗೆ ಅಂತ ಬಾಗಿಲವರೆಗೆ ಹೋದವರು ವಾಪಸ್ ಬಂದ್ರು.

"ಸಾರ್, ಈಗ ಸಂಜೆ ಬಸ್ಸಲ್ಲಿ ಹೋಗ್ತೀವಿ. ಅವೋಮಿನ್ ಕೊಡಬಹುದಾ?"